ರಕ್ತ ಹೇಳಿದ್ದನ್ನಾದ್ರೂ ಕೇಳು

ಇಲ್ಲ ಇಲ್ಲ, ಮೊದಲು ಪೂರ್ತಿ ಕೇಳು. ಆಮೇಲೆ ಗೋಡೆ ಕಡೆ ತಿರುಗಿಕೊಂಡು ಎಷ್ಟು ಹೊತ್ತು ಬೇಕಾದ್ರೂ ಮಲಗು, ನಾನು ಕೇಳಲ್ಲ. ಅಂಗಡಿ ಬಾಗಿಲು ಅರ್ಧ ಎಳೆದು ಬಂದಿದ್ದೀನಿ. ಕೆಳಗೆ ಇಸ್ತ್ರಿಯವನು ಒಬ್ಬನೇ ಇದ್ದಾನೆ. ಅವನ ಕೈಗೆ ಅಂಗಡಿ ಕೊಟ್ಟು ಮೇಲೆ ಬಂದು ಕೂತಿದ್ದೀನಿ ಅಂದ್ರೆ ನನ್ನ ಅವಸ್ಥೆ ಎಲ್ಲಿಗೆ ಬಂದಿದೆ, ನೀನೇ ಲೆಕ್ಕ ಹಾಕು. ಸಾಯಂಕಾಲ ಡಾಕ್ಟರಮ್ಮ ಬರೋಕೆ ಹೇಳಿದ್ದಾರೆ. ನನಗಲ್ಲ, ನಿನಗೆ. ‘ಈ ಸಲ ನಿಮ್ಮ ತಂಗೀನ ಕರ್ಕೊಂಡೇ ಬನ್ನಿ’ ಅಂದಿದ್ದಾರೆ.

ಹೂಂ, ಮುಚ್ಚು ಕಣ್ಣು. ಕಿವಿ ಮುಚ್ಚೋಕೆ ರೆಪ್ಪೆ ಇಲ್ವಲ್ಲ, ಪುಣ್ಯ.

ಇದು ರಕ್ತದ ರಿಪೋರ್ಟು ಕಣೇ ಗುಬ್ಬಿ. ನಿನ್ನ ರಕ್ತದ್ದು... ಹೌದು, ನಿನ್ನದೇ. ಇಲ್ಲಿ ಮೇಲೆ ನಿನ್ನ ಹೆಸರಿದೆ, ನಿನ್ನ ವಯಸ್ಸಿದೆ, ಇನ್ನೇನು ಬೇಕು? ಅದೇನು ಹಾಗೆ ನೋಡ್ತೀಯ? ಯಾವಾಗ ತೆಗೆದ್ರು ಅಂತಾನಾ? ಮೊನ್ನೆ ಬೆಳಗ್ಗೆ. ಲ್ಯಾಬಿನವಳು ಮನೆಗೇ ಬಂದಿದ್ಲು, ತಲೆ ಮೇಲೆ ಹೆಲ್ಮೆಟ್ಟು, ಹೆಗಲಿಗೆ ಐಸ್ ಡಬ್ಬಿ. ನೀನು ನೆಗಡಿ ಮಾತ್ರೆ ನುಂಗಿ ಮಲಗಿದ್ದೆ. ಮಂಪರಲ್ಲಿ ಕೈ ಚಾಚಿದೆ, ಅವಳು ಚುಚ್ಚಿದ್ಲು, ನೀನು ಹಾಗೇ ಮಗ್ಗುಲು ಬದಲಾಯಿಸಿದೆ. ನಿನಗೆ ನೆನಪಿಲ್ಲ ಅಂದ್ರೆ ನಾನೇನು ಮಾಡ್ಲಿ?

ಕೈ ಮಗುಚಿ ಏನು ಹುಡುಕ್ತೀಯ? ಗುರುತಾ? ಗುರುತೆಲ್ಲಿರುತ್ತೆ! ಒಳ್ಳೆ ಕೈಗುಣ ಅವಳದು, ಸೊಳ್ಳೆ ಕಚ್ಚಿದಷ್ಟೂ ಕಾಣಲ್ಲ... ಆ ಕೈಯಲ್ಲೂ ಇರಲ್ಲ, ಬಿಡು. ಏನೇ ಇದು, ಪೊಲೀಸ್ ತನಿಖೆ ತರ.

ಅಬ್ಬಾ, ಎಂಥ ಸೆಕೆ ಈ ಕೋಣೆಯಲ್ಲಿ. ಕಿಟಕಿ ತೆಗೀಲಾ? ಬೇಡವಾ... ಸರಿ, ಫ್ಯಾನಾದ್ರೂ ತಿರುಗಲಿ. ಹಾಂ? ಇದಾ? ಉದ್ದ ತೋಳಿನ ಅಂಗಿ ಕಣೇ, ಹಳೇದು. ಸೆಕೆಯಲ್ಲಿ ಉದ್ದ ತೋಳು ಯಾಕೆ ಅಂದ್ರೆ, ಕೆಳಗೆ ಹಬೆ ಪೆಟ್ಟಿಗೆ ಹತ್ರ ನಿಂತು ನೋಡು ಗೊತ್ತಾಗುತ್ತೆ. ನೀನು ಇಳಿದು ಬಾರದೆ ಹಬೆ ಕೆಲಸಾನೂ ನನ್ನ ತಲೆಗೇ ಬಂದಿದೆ. ಕೈ ಸುಟ್ಟುಕೊಳ್ಳೋದಕ್ಕಿಂತ ಬೆವರೋದು ವಾಸಿ.

ಎಲ್ಲಿದ್ದೆ ನಾನು? ಹಾಂ, ರಿಪೋರ್ಟು. ಅದಕ್ಕೂ ಮೊದಲು ಇವತ್ತು ಬೆಳಗ್ಗೆ ಅಂಗಡಿಯಲ್ಲಿ ಏನಾಯ್ತು ಕೇಳು. ಇಸ್ತ್ರಿಯವನು ಬ್ಯಾಂಕ್ ಮ್ಯಾನೇಜರ ಕೋಟಿನ ಹೆಸರಿನ ಚೀಟೀನ ಕಿತ್ತು ಮೇಷ್ಟ್ರ ಕೋಟಿಗೆ ಚುಚ್ಚಿಬಿಟ್ಟಿದ್ದಾನೆ. ಮೇಷ್ಟ್ರ ಚೀಟಿ ಮ್ಯಾನೇಜರ ಕೋಟಿಗೆ. ಮೇಷ್ಟ್ರು ಬಂದ್ರು, ಮ್ಯಾನೇಜರ ಕೋಟು ತಗೊಂಡ್ರು, ಅಲ್ಲೇ ಹಾಕ್ಕೊಂಡು ಕನ್ನಡಿ ಮುಂದೆ ನಿಂತ್ಕೊಂಡ್ರು. ಆ ಕಡೆ ತಿರುಗಿದ್ರು, ಈ ಕಡೆ ತಿರುಗಿದ್ರು. ‘ಏನಮ್ಮ, ಈ ಸಲ ಭುಜದ ಹತ್ರ ಎಷ್ಟು ಚೆನ್ನಾಗಿ ಕೂತಿದೆ, ಏನು ಮಾಡಿದ್ರಿ?’ ಅಂದ್ರು! ದುಡ್ಡಿನ ಜೊತೆ ಒಂದು ನಮಸ್ಕಾರಾನೂ ಕೊಟ್ಟು ಹೋದ್ರು. ಮ್ಯಾನೇಜರು ಬಂದಾಗ ಗೊತ್ತಾಯ್ತು. ಅವರ ಹೊಟ್ಟೆ, ಮೇಷ್ಟ್ರ ಕೋಟು... ಗುಂಡಿ ಹಾಕೋಕೆ ಹೋಗಿ ಉಸಿರು ಹಿಡ್ಕೊಂಡು ನಿಂತಿದ್ರು ಪಾಪ.

ಓ, ತುಟಿ ಅಲ್ಲಾಡ್ತು. ನಕ್ಕೆಯಾ? ನಗು ನಗು. ನನಗೆ ನಗು ಬರಲಿಲ್ಲ. ಯಾರು ಮಾಡಿದ್ದು ಅಂತ ನಾನಿನ್ನೂ ಕೇಳೇ ಇಲ್ಲ, ಅವನು ಆಗಲೇ ‘ನಾನಲ್ಲಕ್ಕ, ನಾನಲ್ಲ’ ಅಂತಾನೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಸರಿಯಾಗಿ ಬೈದೆ. ಒಬ್ಬರ ಬಟ್ಟೆಗೆ ಇನ್ನೊಬ್ಬರ ಚೀಟಿ ಚುಚ್ಚೋದು ಅಂದ್ರೆ ಏನು! ಕಲೆ ಹೋಗದಿದ್ರೆ ಗಿರಾಕಿ ಕ್ಷಮಿಸ್ತಾನೆ, ಗುಂಡಿ ಉದುರಿದ್ರೆ ಕ್ಷಮಿಸ್ತಾನೆ. ಚೀಟಿ ತಪ್ಪಿದ್ರೆ ಲಾಂಡ್ರಿ ಮುಚ್ಚಿದ ಹಾಗೇ ಅಂತ ಅಪ್ಪ ಹೇಳ್ತಿರಲಿಲ್ವಾ? ಅಪ್ಪನ ಕಾಲದಿಂದ ಇಲ್ಲಿವರೆಗೂ ಈ ಅಂಗಡಿಯಲ್ಲಿ ಒಂದೇ ಒಂದು ಚೀಟಿ... ಒಂದೇ ಒಂದು...

ಏನಿಲ್ಲ. ನೀರು ಕುಡೀತೀನಿ ತಡಿ. ಹಲ್ಲು ಜುಂ ಅಂತಿದೆ. ಎಡಗಡೆ ಹಿಂದಿನದು, ಲವಂಗ ಇಟ್ಕೊಂಡಿದ್ದೀನಿ. ಕೀಳಿಸೋಕೆ ಹೋಗಬೇಕು, ಪುರುಸೊತ್ತೆಲ್ಲಿದೆ?

ನೋಡು ಗುಬ್ಬಿ, ನೀನು ನನ್ನ ಹತ್ರ ಕೊನೇ ಸಲ ಒಂದು ಪೂರ್ತಿ ವಾಕ್ಯ ಆಡಿದ್ದು ಯಾವಾಗ, ನೆನಪಿದೆಯಾ? ನನಗಿದೆ. ಅಡಿಗೆಮನೆ ಬಾಗಿಲಲ್ಲಿ ನಿಂತು, ‘ನನಗೆ ಕಾಯಿಲೆ ಇಲ್ಲ ಅಕ್ಕ, ನಾನು ಸೋಮಾರಿ ಅಷ್ಟೆ’ ಅಂದೆ. ಅಷ್ಟು ಹೇಳಿ ಈ ಮಂಚಕ್ಕೆ ಬಂದು ಬಿದ್ದೋಳು, ಇಲ್ಲಿವರೆಗೂ ಹೂಂ, ಉಹೂಂ, ಬೇಡ. ಅರಳು ಹುರಿದ ಹಾಗೆ ಮಾತಾಡ್ತಿದ್ದೋಳು ನೀನು! ಗಿರಾಕಿಗಳು ಬಟ್ಟೆ ಕೊಡೋಕೆ ಬಂದು ನಿನ್ನ ಮಾತು ಕೇಳ್ತಾ ಬಸ್ಸು ತಪ್ಪಿಸ್ಕೊಂಡು ಹೋಗ್ತಿದ್ರು. ಈಗ ಬಂದೋರೆಲ್ಲ ಕೇಳ್ತಾರೆ, ‘ಆ ಕಲೆ ತೆಗೆಯೋ ತಂಗಿ ಎಲ್ಲಿ?’ ಅಂತ. ನಾನೇನು ಹೇಳ್ಲಿ? ಊರಿಗೆ ಹೋಗಿದ್ದಾಳೆ ಅಂತೀನಿ. ಯಾವ ಊರು, ಯಾರ ಮನೆ ಅಂತ ಒಬ್ಬೊಬ್ಬರಿಗೆ ಒಂದೊಂದು ಹೇಳಿ ಈಗ ನನಗೇ ನೆನಪಿಲ್ಲ.

ಸೋಮಾರಿ ಅನ್ನೋ ಮಾತು ಮೊದಲು ಯಾರ ಬಾಯಿಂದ ಬಂತು ಅಂತ ಕೇಳಬೇಡ. ಗೊತ್ತು ನನಗೆ. ನನ್ನ ಬಾಯಿಂದಲೇ. ಹೇಳಿದೆ, ಏನೀಗ? ಒಂದು ಕಡೆ ಪರದೆಗಳ ರಾಶಿ, ಇನ್ನೊಂದು ಕಡೆ ಆ ಹೋಟೆಲ್‌ನವರ ಮೇಜುಬಟ್ಟೆಗಳು. ನೀನು ನೋಡಿದ್ರೆ ತಲೆ ಬಾಚಿಕೊಳ್ಳೋಕೂ ಏಳ್ತಿಲ್ಲ. ಕೋಪದಲ್ಲಿ ಅಂದುಬಿಟ್ಟೆ. ಅಂದಿದ್ದು ಒಂದು ಸಲ, ನೀನು ಅದನ್ನೇ ತಗೊಂಡು ಹೊದ್ದುಕೊಂಡು ಮಲಗಿಬಿಟ್ಟೆಯಲ್ಲೇ. ಈ ಅಕ್ಕ ಬೇರೆ ಎಷ್ಟೋ ಹೇಳಿದ್ದಾಳೆ, ಅದು ಯಾವುದೂ ಕಿವಿಗೆ ಹೋಗಲಿಲ್ಲ, ಇದೊಂದು ಹೋಯ್ತು!

ಅದಕ್ಕೇ ಡಾಕ್ಟರಮ್ಮನ ಹತ್ರ ಹೋದೆ. ಕಾರಣ ಬೇಕಿತ್ತು ನನಗೆ. ಯಾರಾದ್ರೂ ಏನಾದ್ರೂ ಅಂದ್ರಾ, ಯಾರಾದ್ರೂ ಕೈಕೊಟ್ರಾ, ಏನು ಕಳೀತು? ಏನಾದ್ರೂ ಒಂದಿದ್ರೆ ಹೋಗಿ ಜಗಳ ಆಡಬಹುದು. ಕೇಳಿದ್ರೆ ನೀನು ‘ಏನಿಲ್ಲ’ ಅಂತೀಯ. ಏನಿಲ್ಲದೆ ಮನುಷ್ಯರು ಹೀಗೆ ಮಲಗ್ತಾರಾ? ಕಲೆ ಇದೆ ಅಂದ್ರೆ ಏನೋ ಚೆಲ್ಲಿದೆ ಅಂತ ತಾನೇ? ನಿನ್ನ ವಿದ್ಯೆನೇ ಅದು. ಬಟ್ಟೆ ಮೂಗಿನ ಹತ್ರ ಹಿಡಿದು, ಬೆರಳಲ್ಲಿ ಉಜ್ಜಿ, ‘ಇದು ಹಣ್ಣಿನ ರಸ, ವಾರದ ಹಿಂದಿನದು, ಮೇಲೆ ಯಾರೋ ಸೋಪು ಹಚ್ಚಿ ಕೆಡಿಸಿದ್ದಾರೆ’ ಅಂತಿದ್ದೆ. ನಿನ್ನ ಮೇಲೆ ಏನು ಚೆಲ್ಲಿದೆ ಅಂತ ನಿನಗೇ ಗೊತ್ತಿಲ್ಲ ಅಂದ್ರೆ ನಾನು ಹೇಗೆ ನಂಬಲಿ?

ಡಾಕ್ಟರಮ್ಮನೂ ನಿನ್ನ ಹಾಗೇ. ಮೆತ್ತಗೆ ಮಾತು. ‘ಪ್ರತಿ ಸಲ ಕಾರಣ ಕಾಣಿಸಲ್ಲ ಅಮ್ಮ. ಅವರನ್ನ ನೋಡಬೇಕು, ಮಾತಾಡಿಸಬೇಕು, ಕೆಲವು ಪ್ರಶ್ನೆ ಕೇಳಬೇಕು’ ಅಂದ್ರು. ಅವಳು ಬರಲ್ಲ, ಪ್ರಶ್ನೆ ನನ್ನನ್ನೇ ಕೇಳಿ ಅಂದೆ. ‘ಒಡಹುಟ್ಟಿದೋಳು, ಒಂದೇ ಸೂರಿನ ಕೆಳಗಿರೋಳು, ನನಗೆ ಗೊತ್ತಿಲ್ಲದ್ದು ಏನಿರುತ್ತೆ’ ಅಂದೆ. ಪಾಪ, ನನ್ನ ಕಾಟ ತಾಳಲಾರದೆ ಕೇಳಿದ್ರು. ನಿದ್ದೆ ಹೇಗೆ ಅಂದ್ರು. ಎಲ್ಲಿ ನಿದ್ದೆ ಅಂದೆ. ಕೋಳಿ ಕೂಗೋಕೆ ಮೊದಲೇ ಎಚ್ಚರ ಆಗುತ್ತೆ, ಆಮೇಲೆ ಎಷ್ಟು ಹೊರಳಿದ್ರೂ ಕಣ್ಣು ಮುಚ್ಚಲ್ಲ, ಎದೆ ಮೇಲೆ ಯಾರೋ ನೆನೆದ ಕಂಬಳಿ ಹೊದಿಸಿದ ಹಾಗೆ ಅಂತ ಹೇಳಿದೆ. ಊಟ? ತಟ್ಟೆ ಮುಂದೆ ಕೂತ್ರೆ ತುತ್ತು ಗಂಟಲಲ್ಲಿ ಇಳಿಯಲ್ಲ, ನಿಂತ್ಕೊಂಡು ಏನೋ ಒಂದು ತಿಂದು ಮುಗಿಸೋದು. ಖುಷಿ ಆಗುತ್ತಾ ಯಾವುದಕ್ಕಾದ್ರೂ? ಆಗಲ್ಲ. ಮೊದಲು ಒಗೆದ ಬಟ್ಟೆ ಸಾಲಾಗಿ ತೂಗಾಡ್ತಿದ್ರೆ ನೋಡೋಕೆ ಇಷ್ಟ ಆಗ್ತಿತ್ತು, ಈಗ ಅದನ್ನ ನೋಡಿದ್ರೂ ಇನ್ನೂ ಇಷ್ಟೊಂದಿದೆಯಲ್ಲಾ ಅನ್ನಿಸುತ್ತೆ...

ಅವರು ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದ್ರು. ‘ಇದನ್ನೆಲ್ಲ ನಿಮ್ಮ ತಂಗಿ ನಿಮಗೆ ಹೇಳಿದ್ದಾರಾ?’ ಅಂದ್ರು. ಅವಳೆಲ್ಲಿ ಹೇಳ್ತಾಳೆ, ನನಗೆ ಗೊತ್ತಾಗುತ್ತೆ ಅಂದೆ.

ಏನು? ಯಾಕೆ ಹುಬ್ಬು ಗಂಟು ಹಾಕ್ತೀಯ? ನೀನು ಚೆನ್ನಾಗೇ ನಿದ್ದೆ ಮಾಡ್ತೀಯಾ? ಮಧ್ಯಾಹ್ನದವರೆಗೂ? ಹೌದು, ಮಲಗಿರ್ತೀಯ... ಗೊರಕೆನೂ ಹೊಡೀತೀಯ... ಸರಿ ಬಿಡೇ, ಒಂದೆರಡು ಹೆಚ್ಚುಕಡಿಮೆ ಹೇಳಿರಬಹುದು. ಪರೀಕ್ಷೆಯಲ್ಲಿ ಎಲ್ಲ ಉತ್ತರನೂ ಸರಿ ಇರಲೇಬೇಕು ಅಂತೇನಿಲ್ವಲ್ಲ. ನನ್ನ ಮಾತಿನ ಒಟ್ಟು ಅರ್ಥ ನೋಡು.

ನನಗೆ ಸಿಟ್ಟು ಬಂದಿದ್ದು ಆಮೇಲೆ. ‘ಇಷ್ಟೆಲ್ಲ ಕೇಳಿದ್ರಲ್ಲ, ಈಗ ಹೇಳಿ, ಇದು ಕಾಯಿಲೆನಾ ಅಲ್ವಾ’ ಅಂದ್ರೆ, ‘ಅವರನ್ನ ನೋಡದೆ ಹೇಳೋಕಾಗಲ್ಲ’ ಅಂತಾರೆ. ‘ಹಾಗಾದ್ರೆ ರಕ್ತ ನೋಡಿ’ ಅಂದೆ. ಸಕ್ಕರೆ ಕಾಯಿಲೆಗೆ ರಕ್ತದಲ್ಲಿ ಒಂದು ಸಂಖ್ಯೆ ಇದೆ. ಥೈರಾಯ್ಡಿಗಿದೆ. ಕಾಮಾಲೆಗಿದೆ. ಇದಕ್ಕೆ ಮಾತ್ರ ಬರೀ ಮಾತುಕತೆನಾ? ‘ಬಾಯಿ ಸುಳ್ಳು ಹೇಳುತ್ತೆ ಡಾಕ್ಟರಮ್ಮ, ನಮ್ಮ ಮನೆಯಲ್ಲಂತೂ ಬಾಯೇ ತೆರೆಯಲ್ಲ, ರಕ್ತ ಸುಳ್ಳು ಹೇಳಲ್ಲ’ ಅಂತ ಮೇಜು ಕುಟ್ಟಿ ಹೇಳಿದೆ. ಹೊರಗೆ ಕೂತಿದ್ದ ರೋಗಿಗಳು ಬಗ್ಗಿ ನೋಡಿದ್ರು.

ಅವರು ನಕ್ಕರು. ನನಗೆ ಆಗಲ್ಲ ಹಾಗೆ ನಗೋರನ್ನ ಕಂಡ್ರೆ. ‘ರಕ್ತ ಸುಳ್ಳು ಹೇಳಲ್ಲ, ಆದ್ರೆ ಪೂರ್ತಿನೂ ಹೇಳಲ್ಲ’ ಅಂದ್ರು. ‘ಖಿನ್ನತೆ ಇರೋ ಕೆಲವರ ರಕ್ತದಲ್ಲಿ ಕೆಲವು ಗುರುತು ಏರಿರುತ್ತೆ. ಎಲ್ಲರಲ್ಲೂ ಅಲ್ಲ. ಏರಿದೋರಿಗೆಲ್ಲ ಖಿನ್ನತೆನೂ ಇರಲ್ಲ. ಇನ್ನೂ ಹುಡುಕ್ತಾ ಇದ್ದೀವಿ’ ಅಂದ್ರು. ಇನ್ನೂ ಹುಡುಕ್ತಾ ಇದ್ದಾರಂತೆ! ನಾನು ಇಲ್ಲಿ ಹೊತ್ತಿ ಉರೀತಾ ಇದ್ದೀನಿ, ಇವರು ಬಾವಿ ಎಲ್ಲಿ ತೋಡೋಣ ಅಂತ ನೋಡ್ತಾ ಇದ್ದಾರೆ. ಕೊನೆಗೆ ಒಪ್ಪಿದ್ರು. ಥೈರಾಯ್ಡು, ರಕ್ತಹೀನತೆ ಇದ್ರೂ ಮನುಷ್ಯರು ಹೀಗೆ ಸುಸ್ತಾಗಿ ಬೀಳ್ತಾರಂತೆ, ಅದಿದೆಯಾ ಅಂತ ನೋಡಬೇಕಂತೆ. ಅದರ ಜೊತೆಗೆ ಆ ಹೊಸ ಗುರುತುಗಳನ್ನೂ ನೋಡ್ತೀನಿ ಅಂದ್ರು. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಲ್ಯಾಬಿನವರನ್ನ ಮನೆಗೇ ಕಳಿಸ್ತೀವಿ ಅಂದ್ರು.

ಈಗ ರಿಪೋರ್ಟು ಕೇಳು. ಥೈರಾಯ್ಡು ಸರಿ ಇದೆ. ರಕ್ತ ಸಾಕಷ್ಟಿದೆ. ಸಕ್ಕರೆ ಇಲ್ಲ. ಆಯ್ತಾ? ಈಗ ಇಲ್ಲಿ ನೋಡು, ಕಪ್ಪಗೆ ದಪ್ಪ ಅಕ್ಷರದಲ್ಲಿ ಇದೆಯಲ್ಲ, ಇದು ಉರಿಯೂತದ ಗುರುತಂತೆ. ಮೈಯೊಳಗೆ ಎಲ್ಲೋ ಬೂದಿ ಮುಚ್ಚಿದ ಕೆಂಡ ಇದ್ರೆ ಇದು ಏರುತ್ತಂತೆ. ಏರಿದೆ. ಅದರ ಕೆಳಗಿನದು ಒತ್ತಡ ಆದಾಗ ಮೈಯಲ್ಲಿ ಹುಟ್ಟೋದು. ಅದೂ ಏರಿದೆ. ಕಂಡೆಯಾ?

ಇವತ್ತು ರಿಪೋರ್ಟು ಕೊಡುವಾಗಲೂ ಡಾಕ್ಟರಮ್ಮ ರಾಗ ಎಳೆದ್ರು. ‘ಇದನ್ನೇ ನೋಡಿ ಏನೂ ಹೇಳೋಕಾಗಲ್ಲ. ಜ್ವರ ಬಂದಿತ್ತಾ? ನೆಗಡಿ? ಹಲ್ಲು ನೋವು ಏನಾದ್ರೂ ಇದೆಯಾ? ಹಲ್ಲಿನಲ್ಲಿ ಕೀವಿದ್ರೂ ಇದು ಏರುತ್ತೆ’ ಅಂದ್ರು. ‘ಹೂಂ ಇದೆ, ಎಡಗಡೆ ಹಿಂದಿನ...’ ಅಂದೆ.

ಅಲ್ಲ. ಇಲ್ಲ ಅಂದೆ. ನಿನಗೆಲ್ಲಿದೆ ಹಲ್ಲು ನೋವು? ನನಗಿರೋದು. ಮಾತಿನ ಭರದಲ್ಲಿ ನಾಲಿಗೆ ಹೊರಳ್ತು... ಹಾಗೆ ಎದ್ದು ಕೂತ್ಕೊಂಡು ನೋಡೋ ಅಂಥದ್ದೇನೂ ಆಗಿಲ್ಲ ಇಲ್ಲಿ. ಊಟಕ್ಕೆ ಏಳು ಅಂದ್ರೆ ಏಳಲ್ಲ, ನನ್ನ ಮಾತಲ್ಲಿ ತಪ್ಪು ಹುಡುಕೋಕೆ ಎದ್ದು ಕೂರ್ತಾಳೆ!

ಕೂತಿದ್ದು ಒಳ್ಳೇದೇ ಆಯ್ತು. ಕೂತೇ ಕೇಳು. ನಾನು ಹೇಳಬೇಕು ಅಂತ ಬಂದಿದ್ದು ಇದು. ನೀನು ಸೋಮಾರಿ ಅಲ್ಲ. ರಕ್ತ ಹೇಳ್ತಿದೆ. ನಾನು ಅಂದ ಮಾತು ತಪ್ಪು ಅಂತ ಲ್ಯಾಬಿನವರು ಅಚ್ಚು ಹಾಕಿ ಕೊಟ್ಟಿದ್ದಾರೆ, ತಗೋ. ಇನ್ನೇನು ಬೇಕು ನಿನಗೆ? ಕಾಲು ಮುರಿದ್ರೆ ಹೇಗೋ ಇದೂ ಹಾಗೆ, ಯಾರ ತಪ್ಪೂ ಅಲ್ಲ. ಅವರು ನಿನ್ನ ಮುಖ ನೋಡದೆ ಒಂದು ಮಾತ್ರೆನೂ ಬರೆಯಲ್ಲ ಅಂತ ಹಟ ಹಿಡಿದಿದ್ದಾರೆ. ಒಂದು ಸಲ ಬಾ. ಮೆಟ್ಟಿಲು ಇಳಿ, ಆಟೋ ಬಾಗಿಲಿಗೇ ತರಿಸ್ತೀನಿ. ಅಲ್ಲಿ ಮಾತಾಡದಿದ್ರೂ ಪರವಾಗಿಲ್ಲ, ಸುಮ್ಮನೆ ಕೂತ್ಕೋ. ಬರ್ತೀಯಾ?

ಬರ್ತೀಯಾ ಇಲ್ವಾ?

ನನ್ನ ಮುಖ ಬಿಟ್ಟು ತೋಳು ಯಾಕೆ ನೋಡ್ತಿದ್ದೀಯ?

ಏನಿದೆ ಅಲ್ಲಿ... ಓ, ಇದಾ. ಟೀ ಕಲೆ ಕಣೇ. ಬೆಳಗ್ಗೆ ಅವಸರದಲ್ಲಿ ಚೆಲ್ಲಿಕೊಂಡೆ. ಬಿಡು, ಎಳೀಬೇಡ, ಅಂಗಿ ಹರಿಯುತ್ತೆ. ಮೊಣಕೈ ಒಳಗೆ ಟೀ ಹೇಗೆ ಚೆಲ್ಲುತ್ತೆ ಅಂದ್ರೆ... ಚೆಲ್ಲುತ್ತೆ. ಕೈ ಮಡಿಸಿದ್ದೆ. ಅಥವಾ ಹ್ಯಾಂಗರಿನ ತುಕ್ಕಿರಬೇಕು. ಹೌದು, ತುಕ್ಕು. ಆ ಹಳೇ ಹ್ಯಾಂಗರುಗಳನ್ನ ಬಿಸಾಕು ಅಂತ ಇಸ್ತ್ರಿಯವನಿಗೆ ಎಷ್ಟು ಸಲ ಹೇಳಿದ್ದೀನಿ...

ಬೆರಳಲ್ಲಿ ಉಜ್ಜಬೇಡ. ಗುಬ್ಬಿ, ಉಜ್ಜಬೇಡ ಅಂದೆ. ಮೂಸಿ ನೋಡೋ ಅಂಥದ್ದೇನಿದೆ ಅದರಲ್ಲಿ? ಇಷ್ಟು ದಿನ ಮೇಜುಬಟ್ಟೆ ರಾಶಿ ಬಿದ್ದಿದ್ರೂ ಇಳಿದು ಬಾರದೋಳಿಗೆ ಈಗ ಬಂತು ವಿದ್ಯೆ. ಅಷ್ಟು ಚೂರು ಕಲೆ...

ಹೂಂ. ಬಿಸಿನೀರಲ್ಲಿ ಉಜ್ಜಿದೆ.

ಗೊತ್ತು, ಗೊತ್ತು ನನಗೆ. ತಣ್ಣೀರು ಹಾಕಬೇಕಿತ್ತು. ಬಿಸಿನೀರು ಬಿದ್ರೆ ಅದು ಬಟ್ಟೆಯಲ್ಲೇ ಬೆಂದು ಕೂತುಬಿಡುತ್ತೆ, ಆಮೇಲೆ ಬ್ರಹ್ಮ ಬಂದ್ರೂ ಹೋಗಲ್ಲ. ಲಾಂಡ್ರಿ ಮನೆಯಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ ಅಂತ ನೋಡಬೇಡ. ಆವತ್ತು ಲ್ಯಾಬಿನವಳು ಮೆಟ್ಟಿಲು ಇಳಿದು ಹೋಗಿದ್ಲು, ಹತ್ತಿ ಜಾರಿ ಬಿದ್ದಿತ್ತು, ತೋಳೆಲ್ಲ ಒದ್ದೆ. ಪಕ್ಕದಲ್ಲೇ ಕುದಿಯೋ ನೀರಿನ ಪಾತ್ರೆ ಇತ್ತು, ಅಂಗಿ ಬಿಚ್ಚಿ ಅದನ್ನೇ ಸುರಿದು ಉಜ್ಜಿಬಿಟ್ಟೆ. ಸುರಿದ ಮೇಲೆ ತಲೆಗೆ ಹೊಳೀತು.

ಮೇಲೆ ಮಾಡಬೇಡ ತೋಳು. ಬೇಡ... ಸರಿ, ನೋಡು. ನೋಡ್ಕೋ. ನೀಲಿ ಆಗಿದೆ, ಅಲ್ವಾ. ನರ ಸಿಗಲಿಲ್ಲ ಅವಳಿಗೆ. ಈ ಕಡೆ ಚುಚ್ಚಿದ್ಲು, ಆ ಕಡೆ ಚುಚ್ಚಿದ್ಲು. ಕೈಗುಣ ಅಂದೆನಲ್ಲ, ಮಣ್ಣು.

ಹೂಂ. ನಂದೇ. ನಂದೇ ರಕ್ತ. ಆಯ್ತಾ? ಸಮಾಧಾನ ಆಯ್ತಾ?

ಏನು ಮಾಡಬೇಕಿತ್ತು ನಾನು? ನಿನ್ನನ್ನ ಎಬ್ಬಿಸಿದೆ. ಕೈ ಕೊಡೇ, ಒಂದು ನಿಮಿಷ ಅಂದೆ. ನೀನು ಎರಡೂ ಕೈ ಹೊಟ್ಟೆ ಕೆಳಗಿಟ್ಕೊಂಡು ಬೋರಲು ಮಲಗಿಬಿಟ್ಟೆ. ಅವಳು ಹೊರಗೆ ಕುರ್ಚಿಯಲ್ಲಿ ಕೂತು ಗಡಿಯಾರ ನೋಡ್ತಾ ಇದ್ದಾಳೆ. ‘ಇನ್ನೂ ಬೇರೆ ಮನೆಗಳಿಗೆ ಹೋಗಬೇಕು, ಪೇಷಂಟು ಯಾರು?’ ಅಂತಾಳೆ. ಬಂದೋರನ್ನ ಬರಿಗೈಲಿ ಕಳಿಸಿ ನನಗೆ ಅಭ್ಯಾಸ ಇಲ್ಲ. ನಾನೇ ಅಂದೆ. ನಿನ್ನ ಹೆಸರು ಹೇಳಿ ತೋಳು ಚಾಚಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದೋರು, ರಕ್ತ ಬೇರೆ ಇರುತ್ತಾ ಅನ್ನಿಸ್ತು. ನಗಬೇಡ... ನಗ್ತಿಲ್ವಾ? ನಗು, ಪರವಾಗಿಲ್ಲ. ಸೀಸೆ ಮೇಲೆ ಅವಳು ನಿನ್ನ ಹೆಸರಿನ ಚೀಟಿ ಅಂಟಿಸೋದನ್ನ ಕಣ್ಣಾರೆ ನೋಡ್ತಾ ಕೂತಿದ್ದೆ ನಾನು. ನಾನು! ಚೀಟಿ ತಪ್ಪಿಸಿದ್ದಕ್ಕೆ ಇವತ್ತು ಬೆಳಗ್ಗೆ ಇಸ್ತ್ರಿಯವನ ಮುಖಕ್ಕೆ ಮಂಗಳಾರತಿ ಎತ್ತಿ ಬಂದಿದ್ದೀನಿ.

ಚೆನ್ನಾಗಿ ಬರುತ್ತೆ ಅಂದ್ಕೊಂಡಿದ್ದೆ ಕಣೇ.

ನಿಜ ಹೇಳ್ಬಿಡ್ತೀನಿ. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ, ನನ್ನ ರಕ್ತದಲ್ಲಿ ಏನು ಸಿಗುತ್ತೆ ಅಂದ್ಕೊಂಡೆ. ಎಲ್ಲ ಸರಿ ಇದೆ ಅಂತ ರಿಪೋರ್ಟು ಬಂದ್ರೆ ನಿನ್ನ ಮುಂದೆ ಹಿಡಿದು, ‘ನೋಡು, ನಿನಗೇನೂ ಇಲ್ಲ, ಏಳು, ಕೆಳಗೆ ನಡಿ’ ಅನ್ನೋಣ ಅಂತ. ಅದು ಹೀಗೆ ಬಂತು. ದಾರಿಯುದ್ದಕ್ಕೂ ಯೋಚನೆ ಮಾಡಿದೆ. ಹೀಗೆ ಬಂದಿದ್ದಕ್ಕೆ ಹೀಗೇ ಹೇಳೋಣ, ಕಾಯಿಲೆ ಇದೆ ನಡಿ ಅನ್ನೋಣ ಅಂದ್ಕೊಂಡೆ. ಒಟ್ಟಿನಲ್ಲಿ ನಿನ್ನನ್ನ ಈ ಮಂಚದಿಂದ ಇಳಿಸಬೇಕಿತ್ತು ನನಗೆ. ಹ್ಯಾಗಾದ್ರೂ. ಸುಳ್ಳಲ್ಲಿ ಇಳಿದ್ರೂ ಸರಿ.

ಹಲ್ಲಿಂದ ಬಂದಿರಬೇಕು. ಡಾಕ್ಟರಮ್ಮನೇ ಹೇಳಿದ್ರಲ್ಲ, ಹಲ್ಲಿನಲ್ಲಿ ಕೀವಿದ್ರೂ ಏರುತ್ತೆ ಅಂತ. ಅಷ್ಟೇ. ಹಲ್ಲಿಂದಲೇ.

ಹಾಗೆ ನೋಡಬೇಡ ಗುಬ್ಬಿ.

ನಿದ್ದೆ ವಿಷಯ ಬೇರೆ. ಅದು ವಯಸ್ಸಾದ ಹಾಗೆ ಎಲ್ಲರಿಗೂ... ಅಮ್ಮ ಹೋದ ಮಾರನೇ ದಿನ ಯಾರು ಅಂಗಡಿ ಬಾಗಿಲು ತೆಗೆದಿದ್ದು? ನಾನು. ಬಂದೋರೆಲ್ಲ ‘ಎಂಥ ಗಟ್ಟಿಗಿತ್ತಿ’ ಅಂದ್ರು. ನೀನು ಅತ್ತೆ. ಒಂದು ತಿಂಗಳು ಅತ್ತೆ. ನಾನು ಅಳಲಿಲ್ಲ, ಗೊತ್ತಲ್ಲ ನಿನಗೆ? ಇಬ್ಬರೂ ಅಳ್ತಾ ಕೂತ್ರೆ ಬಟ್ಟೆ ಕೊಡೋರು ಯಾರು, ತಗೊಳ್ಳೋರು ಯಾರು? ಆಮೇಲೆ ಅತ್ತರಾಯ್ತು ಅಂದ್ಕೊಂಡೆ. ಆಮೇಲೆ ಅಳು ಬರಲಿಲ್ಲ. ಅದು ಬರಲೇ ಇಲ್ಲ ಕಣೇ. ಈಗ ಅಳೋಣ ಅಂತ ಕೂತ್ರೂ ಬರಲ್ಲ. ಬೆಳಗಿನ ಜಾವ ಎಚ್ಚರ ಆಗುತ್ತೆ, ಸೂರು ನೋಡ್ತಾ ಬಿದ್ದಿರ್ತೀನಿ, ನೀನು ಈ ಕಡೆ ಗೊರಕೆ ಹೊಡೀತಿರ್ತೀಯ. ಎಷ್ಟು ಸಿಟ್ಟು ಬರುತ್ತೆ ಗೊತ್ತಾ ನಿನ್ನ ಮೇಲೆ? ನೀನಾದ್ರೂ ಮಲಗಿದ್ದೀಯಲ್ಲ, ಮಲಗೋಕೆ ನಿನಗೊಬ್ಬಳು ಅಕ್ಕ ಇದ್ದಾಳಲ್ಲ ಅಂತ.

ಹೇಳಬಾರದಿತ್ತು. ಬಾಯಿಂದ ಬಂತು. ಡಾಕ್ಟರಮ್ಮನಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ ಈಗ? ರಕ್ತಾನೂ ನಂದು, ಉತ್ತರಾನೂ ನಂದು, ಹೆಸರು ಮಾತ್ರ ಅವಳದು ಅಂತಾನಾ? ಆವತ್ತು ಬರೆಯೋದು ನಿಲ್ಲಿಸಿ ನೋಡಿದ್ರಲ್ಲ, ಅವರಿಗೆ ಆಗಲೇ ಗೊತ್ತಾಗಿತ್ತೇನೋ. ಇವತ್ತೂ ಬಾಗಿಲವರೆಗೂ ಬಂದು, ‘ಇಬ್ಬರೂ ಬನ್ನಿ’ ಅಂದ್ರು. ಇಬ್ಬರೂ ಅಂತ ಯಾಕೆ ಅಂದ್ರೋ... ನಾನು ಜೊತೆಗೆ ಬರೋದಕ್ಕೆ ಹೇಳಿದ್ರು ಅಂದ್ಕೊಂಡೆ.

ಏನು? ಯಾಕೆ ಸರೀತಿದ್ದೀಯ? ಮತ್ತೆ ಗೋಡೆ ಕಡೆನಾ? ತಿರುಗಿಕೋ, ತಿರುಗಿಕೋ. ಇಷ್ಟು ಕೇಳಿದ ಮೇಲೂ...

ಇಲ್ಲ. ಮುಖ ಈ ಕಡೆನೇ ಇದೆ. ದಿಂಬು ಯಾಕೆ ನನ್ನ ಕಡೆ ತಳ್ತೀಯ? ಜಾಗನಾ? ನನಗಾ? ಹುಚ್ಚಾ ನಿನಗೆ, ಹಗಲು ಹೊತ್ತಲ್ಲಿ ಮಲಗೋಕೆ ನಾನೇನು... ಕೆಳಗೆ ಬಾಗಿಲು ಅರ್ಧ ತೆರೆದಿದೆ. ಮೇಷ್ಟ್ರು ಕೋಟು ಬದಲಾಯಿಸೋಕೆ ಬರ್ತಾರೆ. ಇಸ್ತ್ರಿಯವನು ಇನ್ನೇನು ಸುಟ್ಟು ಹಾಕ್ತಾನೋ. ಬಿಡೇ ಕೈ.

ಸರಿ. ಸ್ವಲ್ಪ ಹೊತ್ತು. ಬರೀ ಬೆನ್ನು ಚಾಚ್ತೀನಿ, ನಿದ್ದೆ ಎಲ್ಲಿ ಬರುತ್ತೆ. ಆಮೇಲೆ ಇಬ್ಬರೂ ಹೋಗೋಣ. ನಿನ್ನ ಚೀಟಿ ನಿನಗೆ, ನನ್ನ ಚೀಟಿ ನನಗೆ... ಹೂಂ ಅಂದೆಯಾ? ಅಂದೆ. ಕೇಳಿಸ್ತು ನನಗೆ.

ಆ ನೀಲಿ ಹತ್ರ ಒತ್ತಬೇಡ, ನೋಯುತ್ತೆ. ಕೈ ತೆಗೀಬೇಡ, ಒತ್ತಬೇಡ ಅಂದೆ ಅಷ್ಟೆ.

ನೋಯ್ತಿದೆ ಕಣೇ ಗುಬ್ಬಿ. ಬಹಳ ದಿನದಿಂದ ನೋಯ್ತಿದೆ.